ಒಂದು ನಾಣ್ಯ, ಎರಡು ತಲೆ

1797ರ ಇಂಗ್ಲೆಂಡಿನ ಈ ಕತೆ ಹೇಳುವಾಗ ನಾಣ್ಯ ಸಂಗ್ರಾಹಕರ ಕಣ್ಣು ಅರಳುತ್ತೆ. ಫ್ರಾನ್ಸ್ ಜೊತೆ ಯುದ್ಧ. ಫೆಬ್ರವರಿಯಲ್ಲಿ ಫ್ರೆಂಚರ ಸಣ್ಣದೊಂದು ಪಡೆ ವೇಲ್ಸಿನ ಫಿಶ್‌ಗಾರ್ಡ್ ಹತ್ತಿರ ದಡಕ್ಕಿಳಿಯಿತು. ಮೊದಲೇ ಹೆದರಿದ್ದ ಜನ ಚಿನ್ನಕ್ಕಾಗಿ ಬ್ಯಾಂಕಿಗೆ ನುಗ್ಗಿದರು. ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಚಿನ್ನ ಕೊಡೋದನ್ನೇ ನಿಲ್ಲಿಸಿಬಿಟ್ಟಿತು. ಚಿಲ್ಲರೆ ಬೇಕಲ್ಲ? ತಿಜೋರಿಯಲ್ಲಿದ್ದ ಸ್ಪೇನಿನ ಬೆಳ್ಳಿ ಡಾಲರ್ ತೆಗೆದು, ಸ್ಪೇನ್ ದೊರೆಯ ಕುತ್ತಿಗೆ ಮೇಲೆ ಮೂರನೇ ಜಾರ್ಜನ ಪುಟಾಣಿ ತಲೆ ಒತ್ತಿ, 4 ಷಿಲಿಂಗ್ 9 ಪೆನ್ಸ್ ಬೆಲೆಗೆ ಚಲಾವಣೆಗೆ ಬಿಟ್ಟರು. ಅಂದಹಾಗೆ ಸ್ಪೇನ್ ಕೂಡ ಆಗ ಬ್ರಿಟನ್ನಿನ ಶತ್ರುವೇ.

‘ಎಂಥಾ ಜುಗಾಡ್ ಗುರೂ!’ ಅಂತ ಚಪ್ಪಾಳೆ ಬೀಳುತ್ತೆ. ನಾನಂತೂ ತಟ್ಟಲ್ಲ.

ಚಿಲ್ಲರೆಯ ಬರ ಯುದ್ಧ ತಂದದ್ದಲ್ಲ ಸ್ವಾಮಿ. ಟಂಕಸಾಲೆ ಬೆಳ್ಳಿಗೆ ಕೊಡುತ್ತಿದ್ದ ದರ ಪೇಟೆಯ ದರಕ್ಕಿಂತ ಕಮ್ಮಿ. ಹಾಗಿರುವಾಗ ಅಲ್ಲಿಗೆ ಬೆಳ್ಳಿ ಒಯ್ಯೋರು ಯಾರು? ದಶಕಗಳ ಕಾಲ ಬೆಳ್ಳಿ ನಾಣ್ಯ ಸಾಕಷ್ಟು ಅಚ್ಚಾಗಲೇ ಇಲ್ಲ, ಜನರ ಕೈಯಲ್ಲಿದ್ದವು ಸವೆದು ಬಿಲ್ಲೆಗಳಾಗಿದ್ದವು. ಏರಿ ಬಿರುಕು ಬಿಟ್ಟಾಗ ಸುಮ್ಮನಿದ್ದು, ಕೆರೆ ಒಡೆದ ರಾತ್ರಿ ಮರಳಿನ ಮೂಟೆ ಹೊತ್ತವನಿಗೆ ಹಾರ ಹಾಕಿದ ಹಾಗಾಯ್ತು. ನಮ್ಮ ಆಫೀಸುಗಳಲ್ಲೂ ಅಷ್ಟೇ: ಮಧ್ಯರಾತ್ರಿ ಹಾಟ್‌ಫಿಕ್ಸ್ ಹಾಕಿದವನಿಗೆ ಅವಾರ್ಡು, ಆ ಬಗ್ ವರ್ಷಗಟ್ಟಲೆ ಯಾಕಿತ್ತು ಅಂತ ಕೇಳಿದವನಿಗೆ ‘ನೆಗೆಟಿವ್’ ಅನ್ನೋ ಪಟ್ಟ.

ಆ ಜುಗಾಡಾದರೂ ನೆಟ್ಟಗಿತ್ತಾ? ಒತ್ತಿದ್ದು ಬೆಳ್ಳಿ ಪಾತ್ರೆಗಳಿಗೆ ತೆರಿಗೆ ಕಟ್ಟಿದ ಗುರುತಾಗಿ ಹಾಕುತ್ತಿದ್ದಂಥದ್ದೇ ಮುದ್ರೆ. ಖೋಟಾ ಮಾಡುವವನಿಗೆ ಒಂದು ಡಾಲರ್, ಒಂದು ಕಳ್ಳ ಅಚ್ಚು, ಒಂದು ಸುತ್ತಿಗೆ ಸಾಕು. ಬೆಳ್ಳಿ ಅಸಲಿ, ತಲೆ ನಕಲಿ! ಬೆಳ್ಳಿಯ ಬೆಲೆಗೂ ಮುದ್ರೆಯ ಬೆಲೆಗೂ ಇದ್ದ ಅಂತರವೇ ಅವನ ಲಾಭ. ಮುದ್ರೆ ನಿಜವೋ ಸುಳ್ಳೋ ಅಂತ ಅಂಗಡಿಯವನ ಮುಂದೆ ತಲೆ ಕೆಡಿಸಿಕೊಳ್ಳಬೇಕಾದವನು ಮಾತ್ರ ಕೂಲಿ ತಂದವನು. ಅದೇ ವರ್ಷ ನಾಣ್ಯಗಳನ್ನು ವಾಪಸ್ ಕರೆಸಿಕೊಂಡರು. 1804ರಲ್ಲಿ ಎಂಟು ಮೂಲೆಯ, ಕೊಂಚ ದೊಡ್ಡ ಮುದ್ರೆ ಬಂತು. ಅದನ್ನೂ ನಕಲು ಮಾಡಿದರು. ಕೊನೆಗೆ ಬರ್ಮಿಂಗ್‌ಹ್ಯಾಮ್ ಹತ್ತಿರ ಮ್ಯಾಥ್ಯೂ ಬೋಲ್ಟನ್‌ನ ಉಗಿಯಂತ್ರಗಳಲ್ಲಿ ಡಾಲರಿನ ಎರಡೂ ಮುಖಕ್ಕೆ ಪೂರ್ತಿ ಹೊಸ ಅಚ್ಚು ಹೊಡೆಸಿದರು.

ನನಗೆ ಸಿಟ್ಟು ಬರೋದು ಇಲ್ಲೇ. ಅದೇ ಬೋಲ್ಟನ್ 1797ರಲ್ಲೇ ಅದೇ ಸರ್ಕಾರಕ್ಕೆ ಉಗಿಯಂತ್ರದಲ್ಲಿ ತಾಮ್ರದ ಪೆನ್ನಿ ಹೊಡೆದುಕೊಡುತ್ತಿದ್ದ! ಯಂತ್ರ ಇತ್ತು, ಗೊತ್ತಿದ್ದವನೂ ಇದ್ದ. ಬೆಳ್ಳಿಯ ಕಾನೂನು ಮುಟ್ಟೋಕೆ ಮಾತ್ರ ಯಾರಿಗೂ ಮನಸ್ಸಿರಲಿಲ್ಲ. ಅದನ್ನು ನೆಟ್ಟಗೆ ತಿದ್ದಿದ್ದು 1816ರಲ್ಲಿ. ಅಷ್ಟೊತ್ತಿಗೆ ನೆಪೋಲಿಯನ್ ಸೋತು ಸೇಂಟ್ ಹೆಲೆನಾ ದ್ವೀಪ ಸೇರಿಯಾಗಿತ್ತು.