ಲೆಕ್ಕ ಬರೆಯುವವರು ಯಾರು?



ವಯನಾಡಿನ ಸುಲ್ತಾನ್ ಬತ್ತೇರಿಯಂಥ ಪೇಟೆಯಲ್ಲಿ ಹಳೆಯ ಬಸದಿ, ಗಣಪತಿ ದೇವಸ್ಥಾನ, ಇಗರ್ಜಿ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ನಮ್ಮ ಎಷ್ಟೋ ಮನೆಗಳ ಮಕ್ಕಳು ಮಿಶನ್ ಶಾಲೆಗಳಲ್ಲಿ ಓದುತ್ತಾರೆ. ಮನೆಗೆ ಬಂದು, "ಲೋಕವನ್ನು ಮಾಡಿದವರು ಯಾರು? ನಮಗೆ ದೇವರಿಲ್ಲವೇ?" ಎಂದು ಕೇಳುತ್ತಾರೆ. "ಎಲ್ಲ ದೇವರೂ ಒಂದೇ, ಹೋಗಿ ಓದಿಕೋ" ಎನ್ನುವುದು ಸುಲಭ. ಆದರೆ ತೂಗದೆ ಸರಕು ಕೊಟ್ಟಂತಾಯಿತು ಅದು.

ಕ್ರೈಸ್ತರಿಗೆ ದೇವರು ಸೃಷ್ಟಿಕರ್ತ. ಏನೂ ಇಲ್ಲದಲ್ಲಿ ಲೋಕವನ್ನು ಉಂಟುಮಾಡಿದವನು. ಅವನು ಬೇರೆ, ಸೃಷ್ಟಿ ಬೇರೆ. ಪಿತ, ಪುತ್ರ, ಪವಿತ್ರಾತ್ಮ ಮೂವರಾದರೂ ದೇವರು ಒಬ್ಬನೇ. ಪುತ್ರನು ಪಿತನೊಡನೆ ಒಂದೇ ತತ್ತ್ವದವನೆಂದು ಕ್ರಿ.ಶ. 325ರ ನೈಸೀಯ ಸಭೆ ನಿರ್ಣಯಿಸಿತು. ಇದನ್ನು ತ್ರಿಮೂರ್ತಿಗಳಿಗೆ ಹೋಲಿಸುವುದು ಸರಿಯಲ್ಲ. ತ್ರಿಮೂರ್ತಿಗಳಲ್ಲಿ ಸೃಷ್ಟಿ, ಸ್ಥಿತಿ, ಲಯವೆಂದು ಕೆಲಸ ಹಂಚಿದೆ, ಇಲ್ಲಿ ಹಾಗಿಲ್ಲ. ವಿಷ್ಣುವಿನ ಅವತಾರಗಳು ಹಲವು. ದೇವರು ಯೇಸುವಾಗಿ ಹುಟ್ಟಿದ್ದು ಒಮ್ಮೆ ಮಾತ್ರ.

ಹಿಂದೂಗಳಲ್ಲಿಯೂ ಒಂದೇ ಉತ್ತರವಿಲ್ಲ. ಶಂಕರರಿಗೆ ಬ್ರಹ್ಮವೊಂದೇ ಪರಮಸತ್ಯ, ಜೀವ ಅದರಿಂದ ಬೇರೆಯಲ್ಲ. ರಾಮಾನುಜರಿಗೆ ಜೀವವೂ ಜಗತ್ತೂ ಈಶ್ವರನ ಶರೀರ. ಮಧ್ವರಿಗೆ ಈಶ್ವರ, ಜೀವ, ಜಡ ಎಂದೆಂದಿಗೂ ಬೇರೆ ಬೇರೆ. ಆದರೆ ಜೀವ ಮತ್ತು ಕರ್ಮ ಅನಾದಿ ಎಂಬುದರಲ್ಲಿ ಮೂವರೂ ಒಂದೇ.

ವ್ಯಾಪಾರಸ್ಥರ ಮಾತಿನಲ್ಲಿ ಹೇಳುವುದಾದರೆ, ಪಾಪದ ಸಾಲ ಮನುಷ್ಯನಿಂದ ತೀರದು, ಯೇಸು ತೀರಿಸಿದನು ಎಂಬುದು ಕ್ರೈಸ್ತರ ನಂಬಿಕೆ. ಕರ್ಮದ ಲೆಕ್ಕ ನೋಡಿ ಫಲ ಕೊಡುವವನು ಈಶ್ವರ, ಅವನ ಕೃಪೆಯೂ ಉಂಟು ಎಂಬುದು ವೇದಾಂತಿಗಳ ಮಾತು. ನಮ್ಮಲ್ಲಿ ಖಾತೆಯೂ ನಮ್ಮದು, ಬರೆಯುವ ಕೈಯೂ ನಮ್ಮದೇ. ಲೋಕ ಅನಾದಿ, ಕರ್ಮ ತಾನೇ ಫಲ ಕೊಡುತ್ತದೆ. 9ನೆಯ ಶತಮಾನದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಸೃಷ್ಟಿಕರ್ತವಾದವನ್ನು ಯುಕ್ತಿಯಿಂದ ಖಂಡಿಸಿದ್ದಾರೆ. ಹಾಗೆಂದು ನಮಗೆ ದೇವರಿಲ್ಲವೆಂದಲ್ಲ. ಕರ್ಮ ಗೆದ್ದ ಅರಿಹಂತರು, ಸಿದ್ಧರು ನಮ್ಮ ದೇವರು. ಅವರು ಸಾಲ ಮನ್ನಾ ಮಾಡುವುದಿಲ್ಲ; ಸಾಲವಿಲ್ಲದೆ ಬಾಳುವ ದಾರಿ ತೋರಿದ್ದಾರೆ.

ಅನೇಕಾಂತವೆಂದರೆ ಎಲ್ಲವೂ ಒಂದೇ ಎನ್ನುವುದಲ್ಲ. ಯಾರು ಯಾವ ದೃಷ್ಟಿಯಿಂದ ಏನು ಹೇಳಿದ್ದಾರೆಂದು ತಿಳಿದು ಮಾತಾಡುವುದು. ಮಗು ಕೇಳಿದಾಗ ನೆರೆಯವರ ನಂಬಿಕೆಯನ್ನು ಹಗುರ ಮಾಡಬೇಡಿ, ನಮ್ಮದನ್ನು ಮರೆಮಾಡಲೂ ಬೇಡಿ. ರಾತ್ರಿ ಜೊತೆಗೆ ಕುಳಿತು ಣಮೋಕಾರ ಮಂತ್ರದ ಅರ್ಥ ಹೇಳಿಕೊಡಿ. ಅದರಲ್ಲಿ ನಮಸ್ಕಾರವಿದೆ, ಬೇಡಿಕೆ ಒಂದೂ ಇಲ್ಲ. ಅಷ್ಟು ತಿಳಿದ ಮಗು ಶಾಲೆಯಲ್ಲಿ ತಲೆತಗ್ಗಿಸದೆ ಉತ್ತರ ಕೊಟ್ಟೀತು.

ಜಯ ಜಿನೇಂದ್ರ.