ಕೈತೋಟ: ಒಂದು ದಿನದ ಹೂವು

ಡೇಲಿಲಿಯ ಒಂದೊಂದು ಹೂವಿಗೂ ಒಂದೇ ದಿನದ ಬಾಳು. ಆದರೂ ಅಮೆರಿಕದ ಮನೆಯಂಗಳಗಳಲ್ಲಿ 'ಸ್ಟೆಲ್ಲಾ ಡಿ ಓರೋ' ಎಂಬ ತಳಿ ಬೇಸಿಗೆಯುದ್ದಕ್ಕೂ ಮತ್ತೆ ಮತ್ತೆ ಹೂಬಿಡುತ್ತದೆ. ವಾಲ್ಟರ್ ಜಬ್ಲೋನ್ಸ್ಕಿಯವರು ಬೆಳೆಸಿ, 1975ರಲ್ಲಿ ನೋಂದಾಯಿಸಿದ ಈ ಹೊಂಬಣ್ಣದ ಗಿಡದ ಎತ್ತರ ಬರಿಯ 11 ಅಂಗುಲ. 1985ರಲ್ಲಿ ಇದಕ್ಕೆ ಸ್ಟೌಟ್ ಪದಕವೂ ಬಂದಿತು.

ಇದನ್ನೋದಿ ಕೂಡಲೇ ಗಿಡ ತರಿಸಹೊರಟ ಸೋದರಿಯರು ಒಂದು ಮಾತು ಕೇಳಬೇಕು. ಇದು ಚಳಿಗಾಲದಲ್ಲಿ ಎಲೆ ಒಣಗಿಸಿಕೊಂಡು ಮಲಗುವ ತಳಿ. ಆ ನಿದ್ರೆಗೆ ಚಳಿ ಬೇಕು. ಮುಂಬಯಿ, ಚೆನ್ನೈಗಳಲ್ಲಿ ಅಷ್ಟು ಚಳಿ ಎಲ್ಲಿಂದ ಬರಬೇಕು? ದಿಲ್ಲಿಯವರು ಬೇಕಾದರೆ ಪ್ರಯತ್ನಿಸಿ ನೋಡಲಿ. ಉಳಿದವರು ವರ್ಷವಿಡೀ ಹಸಿರಾಗಿರುವ ಡೇಲಿಲಿಯನ್ನೇ ಕೇಳಿ ಕೊಳ್ಳುವುದು ಲೇಸು. ಬಾಡಿದ ಹೂಗಳನ್ನು ಕಾಯಿ ಕಟ್ಟುವ ಮೊದಲೇ ಚಿವುಟಿದರೆ ಗಿಡದ ಕಸುವು ಉಳಿಯುತ್ತದೆ.

ಹೊಸ ಊರಿಗೆ ಒಗ್ಗುವ ಕಷ್ಟ ನಮಗೆ ತಿಳಿಯದ್ದೇ? ಗಿಡಕ್ಕೂ ಅಷ್ಟೇ.