ಆ ಗೋಡೆಗೆ ಕಣಗಿಲೆ ಬೇಡ

ಮಳೆಗಾಲ ಶುರುವಾದ ಮೇಲೆ ನಮ್ಮ ಕಾಲೇಜಿನ ಹಿಂದಿನ ಗೋಡೆಯುದ್ದಕ್ಕೂ ಕಣಗಿಲೆ ನೆಡೋಣ ಎಂದು ಇಕೋ ಕ್ಲಬ್ ಸಭೆಯಲ್ಲಿ ಮಾತು ಬಂತು. ಬೇಡ ಎಂದವಳು ನಾನೊಬ್ಬಳೇ. ಕಾರಣ ಹೇಳುವಷ್ಟರಲ್ಲಿ ಬೆಲ್ ಹೊಡೆಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಣಗಿಲೆಯ ಮೇಲೆ ನನಗೇನೂ ದ್ವೇಷವಿಲ್ಲ. ಚಾಮರಾಜಪೇಟೆಯ ನಮ್ಮ ಮನೆ ಮುಂದೆ ದಾದಾ ನೆಟ್ಟ ಗುಲಾಬಿ ಬಣ್ಣದ ಕಣಗಿಲೆಯಿದೆ. ನಾವು ಕನೇರ್ ಅನ್ನುತ್ತೇವೆ. ಈಗ ಮಹಡಿಯ ಕಿಟಕಿ ಮುಟ್ಟಿದೆ. ಬೆಳಿಗ್ಗೆ ಆರಕ್ಕೆಲ್ಲ ಪಕ್ಕದ ಮನೆ ಆಂಟಿ ಬುಟ್ಟಿ ಹಿಡಿದು ಬಂದು ಪೂಜೆಗೆ ಹೂ ಬಿಡಿಸಿಕೊಳ್ಳುತ್ತಾರೆ, ನಲ್ಲಿಯಲ್ಲಿ ನೀರು ಬಂತಾ ಎಂದು ದಾದಿಯನ್ನು ಕೇಳಿ ಹೋಗುತ್ತಾರೆ.

ಹೋದ ವರ್ಷ ಬಕ್ರೀದಿಗೆ ನಾಲ್ಕು ದಿನ ಇರುವಾಗ ಅಬ್ಬಾ, ತಂತಿಗೆ ತಾಗುತ್ತಿದ್ದ ಕೊಂಬೆಗಳನ್ನು ಕಡಿದು ಗೇಟಿನ ಹತ್ತಿರ ರಾಶಿ ಹಾಕಿದರು. ಎಲೆಗಳು ಬಾಡಿದವು. ಅಲ್ಲೇ ಕಟ್ಟಿದ್ದ ಮೇಕೆಗೆ ಎಂಟು ವರ್ಷದ ನನ್ನ ತಮ್ಮ ಪ್ರೀತಿಯಿಂದ ಒಂದೊಂದೇ ಎಲೆ ತಿನ್ನಿಸಿದ. ಸಂಜೆ ಹೊತ್ತಿಗೆ ಮೇಕೆ ಜೊಲ್ಲು ಸುರಿಸುತ್ತ ಮಲಗಿಬಿಟ್ಟಿತು. ಪಶುವೈದ್ಯರು ಬಂದವರೇ ಆ ರಾಶಿ ನೋಡಿ ತಲೆ ಅಲ್ಲಾಡಿಸಿದರು. ಬೆಳಗಾಗುವಷ್ಟರಲ್ಲಿ ಸತ್ತಿತ್ತು. ದುಡ್ಡು ಹೋದದ್ದು ಒಂದು ಕಡೆ ಇರಲಿ, ತಮ್ಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. "ಆಪಾ, ನಾನೇ ಸಾಯಿಸಿದೆನಾ?" ಎಂದು ಕೇಳಿದ. ಅವನಿಗೆ ಯಾರೂ ಹೇಳಿರಲಿಲ್ಲ. ಸೈನ್ಸ್ ಓದುವ ನನಗೇ ಗೊತ್ತಿರಲಿಲ್ಲ.

ಗೊತ್ತಿರಬೇಕಿತ್ತು. ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಎಕ್ಕದ ಗಿಡದ ಉದಾಹರಣೆಯಿದೆ: ಹೃದಯಕ್ಕೆ ವಿಷವಾಗುವ ಗ್ಲೈಕೋಸೈಡ್‌ಗಳು ಇರುವುದರಿಂದ ದನ, ಮೇಕೆ ಅದನ್ನು ಮೇಯುವುದಿಲ್ಲ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಕಣಗಿಲೆಯ ಒಲಿಯಾಂಡ್ರಿನ್ ಕೂಡ ಅದೇ ಗುಂಪಿನದು. ಹೃದಯದ ಜೀವಕೋಶಗಳ ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ತಡೆದು ಬಡಿತದ ತಾಳ ತಪ್ಪಿಸುತ್ತದೆ. ಎಲೆ, ಹೂ, ಕಾಂಡ, ಬೇರು, ಬೀಜ ಎಲ್ಲದರಲ್ಲೂ ವಿಷವಿದೆ, ಒಣಗಿದರೂ ಹೋಗುವುದಿಲ್ಲ. ಹಸಿ ಎಲೆ ಕಹಿ ಎಂದು ಮೂಗು ತಿರುಗಿಸುವ ಪ್ರಾಣಿ ಬಾಡಿದ್ದನ್ನು ತಿಂದುಬಿಡುತ್ತದೆ. ಹಳದಿ ಹೂವಿನ ಕಣಗಿಲೆ ಬೇರೆ ಜಾತಿ, ಅಮೆರಿಕ ಖಂಡದಿಂದ ಬಂದದ್ದು. ಅದೂ ವಿಷವೇ.

ಕೇರಳದಲ್ಲಿ ಇದಕ್ಕೆ 'ಅರಳಿ' ಎನ್ನುತ್ತಾರೆ. 2024ರಲ್ಲಿ ಅಲ್ಲಿ ಯುವತಿಯೊಬ್ಬರು ತೀರಿಕೊಂಡಾಗ, ಅರಳಿಯ ಎಲೆ ಅಗಿದದ್ದೇ ಕಾರಣವಿರಬಹುದೆಂಬ ಅನುಮಾನ ಬಂತು. ಆ ಮೇ ತಿಂಗಳಲ್ಲೇ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ, ಪ್ರಸಾದಕ್ಕೆ ಈ ಹೂ ಬೇಡ ಎಂದಿತು.

"ಹೆದ್ದಾರಿ ಮಧ್ಯೆ ಸರ್ಕಾರದವರೇ ನೆಟ್ಟಿದ್ದಾರಲ್ಲ?" ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಸ್ವಲ್ಪ ನೀರು ಸಾಕು, ಬಿಸಿಲು ತಡೆಯುತ್ತದೆ, ದನಗಳ ಕಾಟವಿಲ್ಲ, ಹೂವಿಗೆ ಬರವಿಲ್ಲ. ಹೆದ್ದಾರಿಗೆ ಹೇಳಿ ಮಾಡಿಸಿದ ಗಿಡ. ಆದರೆ ಹೆದ್ದಾರಿ ಮಧ್ಯೆ ಯಾರೂ ಕೂತು ಟಿಫನ್ ಬಾಕ್ಸ್ ತೆರೆಯುವುದಿಲ್ಲ. ನಮ್ಮ ಗೋಡೆಯ ಪಕ್ಕದಲ್ಲೇ ಪ್ರೈಮರಿ ಮಕ್ಕಳು ಆಡುತ್ತಾರೆ. ಅಡುಗೆ ಆಟದಲ್ಲಿ ಎಲೆ ದೋಸೆಯಾಗುತ್ತದೆ, ಹೂ ಪಲ್ಯವಾಗುತ್ತದೆ. ನಾವೂ ಹಾಗೆ ಆಡಿದವರೇ. ಅಲ್ಲಿ ದಾಸವಾಳ ಹಾಕೋಣ. ನೀರು ಜಾಸ್ತಿ ಬೇಕು, ಒಪ್ಪುತ್ತೇನೆ. ವಾರಕ್ಕೆರಡು ದಿನ ನಾನು ಹಾಕುತ್ತೇನೆ.

ಇನ್ನೊಂದು ಮಾತು. ಲಾಲ್‌ಬಾಗಿನಲ್ಲಿ ಮರಗಳಿಗೆ ಹೆಸರಿನ ಫಲಕವಿರುತ್ತದೆ. ಗಿಡ ಮಾರುವವರು ಕುಂಡಕ್ಕೊಂದು ಚೀಟಿ ಕಟ್ಟಿ 'ವಿಷ, ತಿನ್ನಬಾರದು' ಎಂದು ಬರೆಯಲು ಏನು ಕಷ್ಟ? ನಾನು ಮೂರು ನರ್ಸರಿಗಳಲ್ಲಿ ಕಣಗಿಲೆ ವಿಚಾರಿಸಿದೆ. ಎಷ್ಟು ಬಿಸಿಲು, ಎಷ್ಟು ಗೊಬ್ಬರ ಎಂದು ಮೂವರೂ ಹೇಳಿದರು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ ಎಂದು ಯಾರೂ ಕೇಳಲಿಲ್ಲ.

ನಿಮ್ಮ ಮನೆಯದನ್ನು ಕಡಿಸಿದಿರಾ ಎಂದು ನೀವು ಕೇಳಬಹುದು. ಇಲ್ಲ. ಅಬ್ಬಾ ಕೊಡಲಿ ತಂದಿದ್ದರು. ದಾದಿ ಮರದ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಆಂಟಿ ಏನೂ ಹೇಳಲಿಲ್ಲ, ಖಾಲಿ ಬುಟ್ಟಿ ಹಿಡಿದು ಗೇಟಿನ ಹತ್ತಿರ ನಿಂತಿದ್ದರು. ಈಗ ಕೊಂಬೆ ಕಡಿದ ದಿನವೇ ಚೀಲಕ್ಕೆ ತುಂಬಿ ಕಟ್ಟಿಡುತ್ತೇವೆ. ಸುಡುವುದಿಲ್ಲ, ಅದರ ಹೊಗೆಯೂ ಕೆಟ್ಟದ್ದು. ಈ ವರ್ಷದ ಮೇಕೆಯನ್ನು ತಾರಸಿಯ ಮೇಲೆ ಕಟ್ಟಿದೆವು. ಮರಕ್ಕೆ ತಮ್ಮನೇ ಒಂದು ತಗಡಿನ ಬೋರ್ಡ್ ಕಟ್ಟಿದ್ದಾನೆ. ಕನ್ನಡದಲ್ಲೂ ಉರ್ದುವಿನಲ್ಲೂ 'ತಿನ್ನಬೇಡಿ' ಎಂದು ಬರೆದು, ಓದಲು ಬಾರದವರಿಗೆಂದು ಕೆಳಗೊಂದು ಮೇಕೆಯ ಚಿತ್ರ ಬಿಡಿಸಿದ್ದಾನೆ.